ಮೇಣದೊಳಗೆ ಬಿಸಿಗೊಂದು ದಾರಿ



ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಅಥಣಿ ತಾಲೂಕಿನ ತೆಲಸಂಗದ ಕಡೆಯ ದ್ರಾಕ್ಷಿ ಬೆಳೆಗಾರರ ಒಂದು ಕಣ್ಣು ಶೆಡ್ಡಿನ ಮೇಲಿದ್ದರೆ ಇನ್ನೊಂದು ಕಣ್ಣು ಮುಗಿಲಿನ ಮೇಲಿರುತ್ತದೆ. ತೋಟದಿಂದ ಬಂದ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಆಮೇಲೆ ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ನೆರಳಿನಲ್ಲಿ, ಬರೀ ಗಾಳಿಗೆ, ಎರಡು ವಾರದ ಆಸುಪಾಸಿನಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ಸಿದ್ಧವಾಗುತ್ತದೆ. ಹಗಲು ಒಣಹವೆ ನೀರನ್ನು ಎಳೆದುಕೊಳ್ಳುತ್ತದೆ. ಹೊತ್ತು ಮುಳುಗಿದ ಮೇಲೆ ಆ ಕೆಲಸ ನಿಧಾನವಾಗುತ್ತದೆ, ಬೆಳಗಿನ ಜಾವಕ್ಕೆ ಪೂರಾ ನಿಂತುಬಿಡುತ್ತದೆ. ಆ ಹೊತ್ತಿಗೆ ಒಂದು ಅಡ್ಡಮಳೆ ಬಂತೆಂದರೆ ಹವೆಯ ತೇವವನ್ನು ಕಾಯಿಯೇ ಹೀರಿಕೊಂಡು ಬಣ್ಣ ಕೆಡುತ್ತದೆ, ಬೂಷ್ಟು ಹಿಡಿಯುತ್ತದೆ. ಬಣ್ಣ ಕೆಟ್ಟ ಮಾಲಿಗೆ ತಾಸಗಾಂವಿನಲ್ಲಾಗಲಿ ವಿಜಯಪುರದಲ್ಲಾಗಲಿ ಬೆಲೆ ಸಿಗುವುದಿಲ್ಲ.

ರಾಯಬಾಗ, ಚಿಕ್ಕೋಡಿ ಕಡೆಯ ಅರಿಷಿಣದವರ ಪಾಡೂ ಬೇರೆಯಲ್ಲ. ಕುದಿಸಿದ ಅರಿಷಿಣವನ್ನು ಕಣದಲ್ಲಿ ಹರವಿದ ಮೇಲೆ ಹತ್ತು ಹದಿನೈದು ದಿನ ಬಿಸಿಲನ್ನೇ ನಂಬಬೇಕು. ನಿಪ್ಪಾಣಿಯ ತಂಬಾಕಿನವರಿಗೂ ಒಣಹವೆಯ ಬೆಲೆ ಗೊತ್ತು. ನಮ್ಮ ಈ ತಾಲೂಕುಗಳಲ್ಲಿ ಬಿಸಿಲಿಗೆ ಬರವಿಲ್ಲ. ಆದರೆ ಮಧ್ಯಾಹ್ನ ಮಿಕ್ಕುವ ಬಿಸಿಯನ್ನು ರಾತ್ರಿಗೆ ಎತ್ತಿಡುವ ಸಾಧನ ನಮ್ಮ ರೈತರ ಕೈಯಲ್ಲಿಲ್ಲ. ಅಂಥ ಒಂದು ಸಾಧನದ ಬಗ್ಗೆ, ಅದಕ್ಕೆ ಅಡ್ಡಬರುವ ಒಂದು ತೊಡಕಿನ ಬಗ್ಗೆ, ಆ ತೊಡಕನ್ನು ವಿಜ್ಞಾನಿಗಳು ಬಿಡಿಸುತ್ತಿರುವ ಬಗೆಯ ಬಗ್ಗೆ ಈ ಹೊತ್ತು ಮಾತಾಡುತ್ತೇನೆ.

ಒಂದು ಕಿಲೋ ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 4.2 ಕಿಲೋಜೂಲ್ ಬಿಸಿ ಬೇಕು. ಸೊನ್ನೆ ಡಿಗ್ರಿಯಲ್ಲಿರುವ ಒಂದು ಕಿಲೋ ಹಿಮವನ್ನು ಅದೇ ಸೊನ್ನೆ ಡಿಗ್ರಿಯ ನೀರು ಮಾಡಲು 334 ಕಿಲೋಜೂಲ್ ಬೇಕು. ಅಷ್ಟು ಬಿಸಿಯಲ್ಲಿ ಅಷ್ಟೇ ನೀರನ್ನು 80 ಡಿಗ್ರಿಗೆ ಕಾಯಿಸಬಹುದು. ಕರಗುವಾಗ ಥರ್ಮಾಮೀಟರಿನ ಕಣ್ಣಿಗೆ ಬೀಳದೆ ಒಳಗೆ ಸೇರುವ ಈ ಬಿಸಿಗೆ ಗುಪ್ತೋಷ್ಣ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಜೋಸೆಫ್ ಬ್ಲ್ಯಾಕ್ ಇದನ್ನು ಅಳೆದು ತೋರಿಸಿದರು. ಕರಗುವಾಗ ಹೀರಿದ ಬಿಸಿಯನ್ನು ವಸ್ತು ಗಟ್ಟಿಯಾಗುವಾಗ ಒಂದೇ ಉಷ್ಣಾಂಶದಲ್ಲಿ ತಿರುಗಿ ಕೊಡುತ್ತದೆ. ಬಿಸಿಯನ್ನು ಕೂಡಿಡಲು ಇದಕ್ಕಿಂತ ಅನುಕೂಲದ ಗುಣ ಇನ್ನೊಂದಿಲ್ಲ.

ನಮಗೆ ಬೇಕಾದ ಉಷ್ಣಾಂಶದಲ್ಲಿ ಕರಗಿ ಗಟ್ಟಿಯಾಗುವ ವಸ್ತುಗಳು ಬೇಕಾದಷ್ಟಿವೆ. ಮೇಣದಬತ್ತಿಯ ಪ್ಯಾರಾಫಿನ್ ಮೇಣ 50ರಿಂದ 60 ಡಿಗ್ರಿಯ ನಡುವೆ ಕರಗುತ್ತದೆ. ಇನ್ನೂ ಕಡಿಮೆ ಉಷ್ಣಾಂಶದಲ್ಲಿ ಕರಗುವ ಮೇಣಗಳೂ ಸಿಗುತ್ತವೆ. ಒಂದು ಕಿಲೋ ಮೇಣ ಕರಗುವಾಗ ಸುಮಾರು 200 ಕಿಲೋಜೂಲ್ ಹಿಡಿಯುತ್ತದೆ. ನೀರನ್ನು ಒಳಗಿಟ್ಟುಕೊಂಡ ಕೆಲವು ಲವಣಗಳು ಇದಕ್ಕಿಂತ ಹೆಚ್ಚು ಹಿಡಿಯುತ್ತವೆ. ಸೋಡಿಯಂ ಅಸಿಟೇಟ್ 58 ಡಿಗ್ರಿಯಲ್ಲೂ ಗ್ಲಾಬರ್ ಲವಣ 32 ಡಿಗ್ರಿಯಲ್ಲೂ ಕರಗುತ್ತವೆ.

ಲವಣಗಳ ದಾರಿ ಹಿಡಿದವರಲ್ಲಿ ಹಂಗೇರಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಮರಿಯಾ ಟೆಲ್ಕೆಸ್ ಅವರನ್ನು ಇಲ್ಲಿ ನೆನೆಯಬೇಕು. 1948ರಲ್ಲಿ ಮ್ಯಾಸಚೂಸೆಟ್ಸ್‌ನ ಡೋವರಿನಲ್ಲಿ ಅವರೂ ವಾಸ್ತುಶಿಲ್ಪಿ ಎಲಿನರ್ ರೇಮಂಡ್ ಅವರೂ ಸೇರಿ ಒಂದು ಮನೆ ಕಟ್ಟಿಸಿದರು. ಹಗಲಿನ ಬಿಸಿಲು ಗ್ಲಾಬರ್ ಲವಣವನ್ನು ಕರಗಿಸಬೇಕು, ರಾತ್ರಿ ಆ ಲವಣ ಗಟ್ಟಿಯಾಗುತ್ತ ಮನೆಯನ್ನು ಬೆಚ್ಚಗಿಡಬೇಕು, ಬೇರೆ ಒಲೆ ಬೇಡ ಎಂಬುದು ಯೋಜನೆ. ಮೊದಮೊದಲು ನಡೆಯಿತು, ಮೂರನೆಯ ಚಳಿಗಾಲದ ಹೊತ್ತಿಗೆ ಕೈಕೊಟ್ಟಿತು. ಮತ್ತೆ ಮತ್ತೆ ಕರಗಿ ಗಟ್ಟಿಯಾಗುವಾಗ ಲವಣ ಪದರ ಪದರವಾಗಿ ಬೇರೆಯಾಗಿ ತಳಕ್ಕೆ ಕೂತಿತ್ತು. ಅಷ್ಟಾದರೂ ಆ ಮನೆ ಕಲಿಸಿದ್ದು ದೊಡ್ಡದು. ಹೆಚ್ಚು ಬಿಸಿ ಹಿಡಿಯುವ ವಸ್ತುವನ್ನು ಆರಿಸಿಬಿಟ್ಟರೆ ಸಾಲದು, ಡಬ್ಬಿಯೊಳಗೆ ಅದು ಸಾವಿರ ಸಲ ಕರಗಿದರೂ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೂ ನೋಡಬೇಕು.

ಮೇಣಕ್ಕೆ ಈ ಚಟವಿಲ್ಲ, ಅದು ಪದರ ಒಡೆಯುವುದಿಲ್ಲ, ಲೋಹವನ್ನು ತಿನ್ನುವುದೂ ಇಲ್ಲ. ಅದರ ಕುಂದು ಬೇರೆ. ಬಿಸಿ ಅದರೊಳಗೆ ಸರಾಗವಾಗಿ ಹರಿಯುವುದಿಲ್ಲ. ಉಷ್ಣವಾಹಕತೆಯ ಅಳತೆಯಲ್ಲಿ ತಾಮ್ರ ಸುಮಾರು 400, ಅಲ್ಯೂಮಿನಿಯಂ 237, ಹಿಮ 2.2, ನೀರು 0.6. ಮೇಣ ಬರೀ 0.2.

ಚಳಿಗಾಲದಲ್ಲಿ ತುಪ್ಪದ ಗಡಿಗೆಯನ್ನು ಒಲೆಯ ಮಗ್ಗುಲಿಗೆ ಇಟ್ಟಾಗ ಅಂಚಿನ ತುಪ್ಪ ಕರಗಿ ನಡುವಿನ ಗಡ್ಡೆ ಹಾಗೇ ಉಳಿದಿರುವುದನ್ನು ಎಲ್ಲರೂ ಕಂಡಿದ್ದೇವೆ. ಮೇಣದ ಡಬ್ಬಿಯೊಳಗೆ ಆಗುವುದೂ ಇದೇ. ಅದರಲ್ಲೂ ಕರಗುವಾಗ ಒಂದು ಸಹಾಯ ಉಂಟು: ಕರಗಿದ ಮೇಣ ಮೇಲೆ ಕೆಳಗೆ ಸುಳಿದಾಡಿ ಬಿಸಿಯನ್ನು ಹೊತ್ತೊಯ್ಯುತ್ತದೆ. ಗಟ್ಟಿಯಾಗುವಾಗ ಆ ಸಹಾಯವೂ ಇಲ್ಲ. ಮೊದಲು ಗಟ್ಟಿಯಾಗುವುದು ತಣ್ಣಗಿನ ಗೋಡೆಗೆ ತಾಗಿದ ಮೇಣ. ಅದು ಗೋಡೆಗೆ ಅಂಟಿಕೊಂಡು ಒಳಗಿನ ಬಿಸಿ ಹೊರಗೆ ಬರದಂತೆ ತಾನೇ ತಡೆಯಾಗುತ್ತದೆ. ಹಗಲು ಬಿಸಿಯನ್ನು ತುಂಬುವುದಕ್ಕಿಂತ ರಾತ್ರಿ ತೆಗೆಯುವುದು ಕಷ್ಟವಾಗುವುದು ಇದಕ್ಕೇ. ರೈತನಿಗೆ ಬೇಕಾದದ್ದೋ ರಾತ್ರಿಯದು.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ದಯವಿಟ್ಟು ಗಮನವಿಟ್ಟು ಕೇಳಿ. ಡಬ್ಬಿಯ ಗೋಡೆ ಮೇಣದ ಕರಗುವ ಉಷ್ಣಾಂಶಕ್ಕಿಂತ 10 ಡಿಗ್ರಿ ತಣ್ಣಗಿದೆ, ಬಿಸಿ ಒಂದೇ ಬದಿಯಿಂದ ಹೊರಗೆ ಹೋಗುತ್ತದೆ ಎಂದು ಇಟ್ಟುಕೊಳ್ಳಿ. 1 ಸೆಂಟಿಮೀಟರ್ ದಪ್ಪದ ಮೇಣ ಪೂರ್ತಿ ಗಟ್ಟಿಯಾಗಲು ಸುಮಾರು ಒಂದೂಕಾಲು ತಾಸು ಬೇಕು. 2 ಸೆಂಟಿಮೀಟರಿಗೆ ಐದು ತಾಸು. 5 ಸೆಂಟಿಮೀಟರಿಗೆ 31 ತಾಸು. ದಪ್ಪ ಎರಡರಷ್ಟಾದರೆ ಸಮಯ ನಾಲ್ಕರಷ್ಟಾಗುತ್ತದೆ, ಐದರಷ್ಟಾದರೆ ಇಪ್ಪತ್ತೈದರಷ್ಟು. 31 ತಾಸಿನಲ್ಲಿ ಬಿಸಿ ಬಿಟ್ಟುಕೊಡುವ ಡಬ್ಬಿಯಿಂದ ಒಂದು ರಾತ್ರಿಯ ಕೆಲಸ ಹೇಗೆ ಆದೀತು? ಬೆಳಗಾಗುವಾಗ ಅದರ ನಡುವಿನ ಮೇಣ ಇನ್ನೂ ದ್ರವವಾಗಿಯೇ ಇರುತ್ತದೆ. ಆ ಮೇಣಕ್ಕೆ ಕೊಟ್ಟ ಹಣ ದಂಡ.

ನಿಧಾನವೇ ವರವಾಗುವ ಕಡೆಯೂ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ 2007ರ ಸುಮಾರಿಗೆ ವಿದ್ಯಾರ್ಥಿಗಳ ಒಂದು ತಂಡ ರೂಪಿಸಿ, ಆಮೇಲೆ ಬೆಂಗಳೂರಿಗೆ ಬಂದು ಬೆಳೆಸಿದ ಎಂಬ್ರೇಸ್ ಎಂಬ ಸಾಧನ ಅಂಥದ್ದು. ತೂಕ ಕಡಿಮೆಯಿರುವ ಹಸುಗೂಸನ್ನು ಬೆಚ್ಚಗಿಡುವ ಸಣ್ಣ ಚೀಲ ಅದು. ಕರಗಿದ ವಸ್ತುವಿನ ಒಂದು ಪೊಟ್ಟಣ ನಾಲ್ಕರಿಂದ ಆರು ತಾಸು 37 ಡಿಗ್ರಿಯಲ್ಲೇ ನಿಲ್ಲುತ್ತದೆ. ಕೂಸಿಗೆ ಬೇಕಾದ ಬಿಸಿ ಸ್ವಲ್ಪ, ಅದು ಮೆಲ್ಲಗೆ ಬಂದರೇ ಒಳ್ಳೆಯದು. ಅಲ್ಲಿ ಮೇಣದಂಥ ವಸ್ತುವಿನ ಮಂದಗತಿಯನ್ನು ಯಾರೂ ದೂರುವುದಿಲ್ಲ. ಶೆಡ್ಡಿನ ಗಾಳಿಗೆ, ಹಾಲಿನ ಟ್ಯಾಂಕಿಗೆ ಮಾತ್ರ ಬೇಗ ಬೇಕು.

ಹಾಗಾದರೆ ಮೇಣದೊಳಗೆ ಬಿಸಿಗೆ ದಾರಿ ಮಾಡುವುದು ಹೇಗೆ? ಯಾರಿಗಾದರೂ ಮೊದಲು ಹೊಳೆಯುವ ಉಪಾಯ, ಮೇಣದಲ್ಲಿ ಲೋಹದ ಪುಡಿ ಬೆರೆಸುವುದು. ಇದು ಎಷ್ಟು ಕಡಿಮೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದರೆ ಆಶ್ಚರ್ಯವಾಗುತ್ತದೆ. ಬಿಡಿ ಬಿಡಿ ಕಣಗಳನ್ನು ಬೆರೆಸಿದ ವಸ್ತುವಿನ ವಾಹಕತೆ ಎಷ್ಟಾಗುತ್ತದೆ ಎಂಬುದಕ್ಕೆ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1873ರಲ್ಲೇ ಸೂತ್ರ ಕೊಟ್ಟಿದ್ದಾರೆ. ಆ ಲೆಕ್ಕದಂತೆ ನೂರು ಪಾಲು ಗಾತ್ರದಲ್ಲಿ 5 ಪಾಲು ಅಲ್ಯೂಮಿನಿಯಂ ಪುಡಿ ಬೆರೆಸಿದರೆ ಮೇಣದ ವಾಹಕತೆ ಶೇಕಡಾ 16ರಷ್ಟು ಹೆಚ್ಚುತ್ತದೆ, ಅಷ್ಟೇ. ಪ್ರತಿ ಕಣದ ಸುತ್ತಲೂ ಮೇಣವಿದೆ. ಬಿಸಿ ಒಂದು ಕಣವನ್ನು ಕ್ಷಣದಲ್ಲಿ ದಾಟಿದರೂ ಮುಂದಿನ ಕಣಕ್ಕೆ ಹೋಗಲು ಮತ್ತೆ ಮೇಣವನ್ನೇ ದಾಟಬೇಕು. ಕಣಗಳನ್ನು ನ್ಯಾನೊ ಗಾತ್ರಕ್ಕೆ ಪುಡಿ ಮಾಡಿದರೂ ಈ ಕಷ್ಟ ತಪ್ಪುವುದಿಲ್ಲ. ಕಣ ಸಣ್ಣದಾದಷ್ಟೂ ಕಣ ಮತ್ತು ಮೇಣ ಕೂಡುವ ಮೇಲ್ಮೈ ಹೆಚ್ಚುತ್ತದೆ, ಆ ಮೇಲ್ಮೈಯಲ್ಲೂ ಬಿಸಿಗೆ ತಡೆಯಿದೆ. ಮೇಲಾಗಿ ಕರಗಿದ ಮೇಣ ಮಂದವಾಗಿ ಅದರ ಸುಳಿದಾಟ ಕುಗ್ಗುತ್ತದೆ, ಕೆಲವು ನೂರು ಸುತ್ತುಗಳಲ್ಲಿ ಕಣಗಳು ಗುಂಪುಗೂಡಿ ತಳಕ್ಕೆ ಇಳಿಯಲೂಬಹುದು. ನ್ಯಾನೊ ಎಂಬ ಹೆಸರಿನ ಬೆಡಗಿಗೆ ನಮ್ಮ ವಿದ್ಯಾರ್ಥಿಗಳು ಬೇಗ ಮರುಳಾಗುತ್ತಾರೆ ಎಂಬುದು ನನ್ನ ಕಳವಳ.

ಈಗ ಅದೇ 5 ಪಾಲು ಅಲ್ಯೂಮಿನಿಯಮ್ಮನ್ನು ಪುಡಿ ಮಾಡದೆ ಹಾಳೆಯಾಗಿಯೇ ಇಡಿ. ಒಂದು ಮಿಲಿಮೀಟರ್ ದಪ್ಪದ ಹಾಳೆ, ಸುಮಾರು ಎರಡು ಸೆಂಟಿಮೀಟರಿಗೆ ಒಂದರಂತೆ, ಡಬ್ಬಿಯ ಈ ಗೋಡೆಯಿಂದ ಆ ಗೋಡೆಯವರೆಗೆ. ಹಾಳೆಯ ದಿಕ್ಕಿನಲ್ಲಿ ಒಟ್ಟು ವಾಹಕತೆ 0.2ರಿಂದ ಹೆಚ್ಚುಕಡಿಮೆ 12ಕ್ಕೆ ಏರುತ್ತದೆ. ಅರವತ್ತು ಪಟ್ಟು! ಲೋಹ ಅಷ್ಟೇ, ಮೇಣ ಅಷ್ಟೇ, ಹಿಡಿಯುವ ಬಿಸಿಯೂ ಅಷ್ಟೇ. ಬದಲಾದದ್ದು ಒಂದೇ: ಲೋಹ ಎಲ್ಲೂ ಕಡಿಯದೆ ಗೋಡೆಯವರೆಗೆ ಮುಟ್ಟಿದೆ. ಇನ್ನೊಂದು ಅನುಕೂಲವೂ ಆಯಿತು. ಎರಡು ಹಾಳೆಗಳ ನಡುವಿನ ಮೇಣದ ಯಾವ ಕಣವೂ ಲೋಹದಿಂದ ಒಂದು ಸೆಂಟಿಮೀಟರಿಗಿಂತ ದೂರವಿಲ್ಲ. 31 ತಾಸಿನ ಡಬ್ಬಿ ಒಂದೂಕಾಲು ತಾಸಿನ ಡಬ್ಬಿಯ ಹತ್ತಿರಕ್ಕೆ ಬಂತು.

ಇವತ್ತಿನ ಮಾತಿನಲ್ಲಿ ನೀವು ಮನೆಗೆ ಒಯ್ಯಬೇಕಾದ ಒಂದೇ ವಿಷಯವಿದ್ದರೆ ಅದು ಇದು. ಎಷ್ಟು ಬೆರೆಸಿದಿರಿ ಎಂಬುದಕ್ಕಿಂತ ಬೆರೆಸಿದ್ದು ಒಂದಕ್ಕೊಂದು ಕೂಡಿದೆಯೋ ಇಲ್ಲವೋ ಎಂಬುದು ದೊಡ್ಡದು.

ಸಂಯೋಜಿತ ವಸ್ತುಗಳ ಸಂಶೋಧನೆಯಲ್ಲೂ ಇದೇ ತತ್ವ ಕಾಣುತ್ತದೆ. ಅಲ್ಲಿ ಅಲ್ಯೂಮಿನಿಯಮ್ಮಿನ ಜಾಗಕ್ಕೆ ಗ್ರಾಫೈಟ್ ಬಂದಿದೆ. ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಇಂಗಾಲದ ರೂಪವೇ ಇದು. ನಮ್ಮ ದೇಶದಲ್ಲಿ ಒಡಿಶಾ, ಜಾರ್ಖಂಡ್, ತಮಿಳುನಾಡಿನ ಶಿವಗಂಗೆಯ ಗಣಿಗಳಲ್ಲಿ ಸಿಗುತ್ತದೆ. ಗ್ರಾಫೈಟಿನ ಚಕ್ಕೆಗಳನ್ನು ಗಂಧಕಾಮ್ಲದಲ್ಲಿ ನೆನೆಸಿ, ತೊಳೆದು ಒಣಗಿಸಿ, ಒಮ್ಮೆಲೇ 800-1000 ಡಿಗ್ರಿಯ ಕುಲುಮೆಗೆ ಒಡ್ಡುತ್ತಾರೆ. ಪದರಗಳ ನಡುವೆ ಸಿಕ್ಕಿಕೊಂಡ ಆಮ್ಲ ಆವಿಯಾಗಿ ಹಾರುವಾಗ ಚಕ್ಕೆ ನೂರಾರು ಪಟ್ಟು ಉಬ್ಬಿ ಹುಳುವಿನಾಕಾರ ತಾಳುತ್ತದೆ. ಮುಟ್ಟಿದರೆ ಕೈಗೆ ಹತ್ತುವಷ್ಟು ಹಗುರ, ಒಳಗೆಲ್ಲ ಸಣ್ಣ ಸಣ್ಣ ತೂತು. ಕರಗಿದ ಮೇಣವನ್ನು ಇದು ಹೀರಿ ಹಿಡಿದುಕೊಳ್ಳುತ್ತದೆ. ಮೇಣ ಒಳಗೆ ದ್ರವವಾದರೂ ಹೊರಗೆ ಸೋರುವುದಿಲ್ಲ.

2007ರಲ್ಲಿ ಟರ್ಕಿಯ ಅಹ್ಮೆತ್ ಸಾರಿ ಮತ್ತು ಅಲಿ ಕರೈಪೆಕ್ಲಿ ಎಂಬ ವಿಜ್ಞಾನಿಗಳು ಮೇಣದಲ್ಲಿ ಶೇಕಡಾ 10ರಷ್ಟು ಉಬ್ಬಿಸಿದ ಗ್ರಾಫೈಟ್ ಸೇರಿಸಿದಾಗ ವಾಹಕತೆ 0.22ರಿಂದ 0.82ಕ್ಕೆ ಏರಿತು. ಇದು ನಾಲ್ಕು ಪಟ್ಟಿನ ಹತ್ತಿರದ ಏರಿಕೆ. ಅದಕ್ಕೂ ಮೊದಲೇ, 2001ರಲ್ಲಿ, ಫ್ರಾನ್ಸಿನ ಸಂಶೋಧಕರು ಬೇರೆ ದಾರಿ ಹಿಡಿದಿದ್ದರು. ಅವರು ಮೇಣದಲ್ಲಿ ಗ್ರಾಫೈಟ್ ಬೆರೆಸಲಿಲ್ಲ. ಉಬ್ಬಿಸಿದ ಗ್ರಾಫೈಟನ್ನು ಮೊದಲು ಒತ್ತಿ ಇಟ್ಟಿಗೆ ಮಾಡಿಕೊಂಡರು, ಹುಳುಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಹಂದರವಾಯಿತು, ಆಮೇಲೆ ಆ ಇಟ್ಟಿಗೆಗೆ ಮೇಣ ಕುಡಿಸಿದರು. ಒತ್ತುವ ಪ್ರಮಾಣಕ್ಕೆ ತಕ್ಕಂತೆ ವಾಹಕತೆ 4ರಿಂದ 70ರವರೆಗೆ ಹೋಯಿತು. 4 ಎಂದೇ ಹಿಡಿದರೂ ನಮ್ಮ 5 ಸೆಂಟಿಮೀಟರ್ ಡಬ್ಬಿಯ 31 ತಾಸು ಒಂದೂವರೆ ತಾಸಾಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಗ್ರಾಫೈಟ್ ಕರಗುವುದಿಲ್ಲ, ಹಾಗಾಗಿ ಅದು ಕೂತ ಜಾಗದಲ್ಲಿ ಗುಪ್ತೋಷ್ಣವಿಲ್ಲ. ಹೆಚ್ಚು ಒತ್ತಿದರೆ ಬಿಸಿ ಬೇಗ ಹರಿಯುತ್ತದೆ, ಆದರೆ ಮೇಣಕ್ಕೆ ಜಾಗ ಕಡಿಮೆಯಾಗುತ್ತದೆ. ಒತ್ತಿದ ದಿಕ್ಕಿನಲ್ಲಿ ವಾಹಕತೆ ಕಡಿಮೆ, ಅದಕ್ಕೆ ಅಡ್ಡಲಾಗಿ ಹೆಚ್ಚು. ಇಟ್ಟಿಗೆಯನ್ನು ಯಾವ ಮಗ್ಗುಲಾಗಿ ಕೂಡಿಸುತ್ತೀರಿ ಎಂಬುದರ ಮೇಲೆ ಫಲ ಬದಲಾಗುತ್ತದೆ.

ಈ ಭಾಗದಲ್ಲಿ ಇದನ್ನು ಕೇಳಿದವರಿಗೆ ಕಬ್ಬಿನ ಸಿಪ್ಪೆ ನೆನಪಾಗದೆ ಇರದು. ಕಾಗವಾಡ ತಾಲೂಕಿನ ಉಗಾರದಲ್ಲಿ ಸಕ್ಕರೆ ಕಾರ್ಖಾನೆಯಿದೆ. ಅದರ ಸುತ್ತ ಕೃಷ್ಣೆಯ ಎರಡೂ ದಂಡೆಗೆ ಇನ್ನೆಷ್ಟೋ ಕಾರ್ಖಾನೆಗಳು ಬಂದಿವೆ. ಸಿಪ್ಪೆಯನ್ನು ಗಾಳಿಯಾಡದಂತೆ ಸುಟ್ಟು ಮಾಡಿದ ಇದ್ದಿಲೂ ತೂತು ತೂತಾದ ಇಂಗಾಲವೇ ಅಲ್ಲವೆ, ಅದನ್ನೇ ಬಳಸಬಾರದೆ? ಪ್ರಶ್ನೆ ಒಳ್ಳೆಯದು. ಅಂಥ ಇದ್ದಿಲು ಮೇಣವನ್ನು ಸೋರದಂತೆ ಹಿಡಿಯುತ್ತದೆ, ಜಗತ್ತಿನ ಹಲವೆಡೆ ಪ್ರಯೋಗಗಳು ನಡೆದಿವೆ. ಆದರೆ ಬಿಸಿ ಹರಿಸುವುದರಲ್ಲಿ ಅದು ಗ್ರಾಫೈಟಿನ ಹತ್ತಿರ ಬರುವುದಿಲ್ಲ. ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಸಾಲುಹಿಡಿದು ಹಾಳೆಗಳಾಗಿ ಕೂತಿರುತ್ತವೆ, ಇದ್ದಿಲಿನಲ್ಲಿ ಅಡ್ಡಾದಿಡ್ಡಿ. ಅವನ್ನು ಸಾಲಿಗೆ ತರಬೇಕಾದರೆ 2,500 ಡಿಗ್ರಿಗೂ ಮೀರಿದ ಕುಲುಮೆ ಬೇಕು, ಅಷ್ಟು ಖರ್ಚು ನಮಗೆ ಹೊಂದುವುದಿಲ್ಲ. ಇದ್ದಿಲು ಮೇಣವನ್ನು ಹಿಡಿದಿರಲಿ, ಬಿಸಿಯನ್ನು ಅಲ್ಯೂಮಿನಿಯಂ ಹಾಳೆ ಹರಿಸಲಿ. ಎರಡನ್ನೂ ಕೂಡಿಸಿ ನೋಡುವುದು ನಮ್ಮ ಕಡೆಯ ಕಾಲೇಜುಗಳಿಗೆ ತಕ್ಕ ಕೆಲಸ.

ಮತ್ತೆ ದ್ರಾಕ್ಷಿಗೆ ಬರೋಣ. ಆಸೆ ಹುಟ್ಟಿಸಿ ಕೈಬಿಡುವುದು ತಪ್ಪು, ಆದ್ದರಿಂದ ಲೆಕ್ಕವನ್ನು ಪೂರ್ತಿ ಹೇಳುತ್ತೇನೆ. ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಸುಮಾರು ಒಂದು ಕಿಲೋ ಮಣೂಕ, ಉಳಿದ ಮೂರು ಕಿಲೋ ನೀರು ಹಾರಬೇಕು. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಬೇಕು, ಅಂದರೆ ಹನ್ನೆರಡು ಕಿಲೋ ಮೇಣದ ಗುಪ್ತೋಷ್ಣ. ಇಡೀ ಬೆಳೆಯನ್ನು ಮೇಣದ ಬಿಸಿಯಲ್ಲೇ ಒಣಗಿಸುತ್ತೇನೆಂದು ಯಾರಾದರೂ ಹೇಳಿದರೆ ನಂಬಬೇಡಿ. 100 ಕಿಲೋ ಮೇಣವೆಂದರೆ ಅರ್ಧ ಕಿಲೋವ್ಯಾಟಿನ ಹೀಟರನ್ನು ಸುಮಾರು ಹನ್ನೊಂದು ತಾಸು ಉರಿಸಿದಷ್ಟೇ.

ಆದರೂ ಅಡ್ಡಮಳೆಯ ರಾತ್ರಿ ಅಷ್ಟರಿಂದಲೂ ದೊಡ್ಡ ಕೆಲಸವಾಗುತ್ತದೆ. 20 ಡಿಗ್ರಿಯಲ್ಲಿ ಶೇಕಡಾ 80ರಷ್ಟು ತೇವವಿರುವ ಗಾಳಿಯನ್ನು 30 ಡಿಗ್ರಿಗೆ ಬೆಚ್ಚಗೆ ಮಾಡಿದರೆ ಅದರ ಸಾಪೇಕ್ಷ ತೇವಾಂಶ ಶೇಕಡಾ 44ಕ್ಕೆ ಇಳಿಯುತ್ತದೆ. ಕಾಯಿಗೆ ತೇವ ಹತ್ತಿಸುತ್ತಿದ್ದ ಗಾಳಿಯೇ ಈಗ ಕಾಯಿಯ ತೇವ ಎಳೆಯುತ್ತದೆ. 100 ಕಿಲೋ ಮೇಣ ಸುಮಾರು 1,650 ಘನ ಮೀಟರ್ ಗಾಳಿಯನ್ನು ಹೀಗೆ 10 ಡಿಗ್ರಿ ಏರಿಸಬಲ್ಲದು. ನಾಲ್ಕೂ ಕಡೆ ತೆರೆದ ಶೆಡ್ಡಿಗೆ ಇದು ಸಾಲದು. ಮುಚ್ಚಿದ ಸಣ್ಣ ಖೋಲಿಗೆ, ಒಂದು ಸಣ್ಣ ಫ್ಯಾನಿನ ಜೊತೆ ಸಾಕು. ಒಣಗುವ ಕೊನೆಯ ದಿನಗಳ ಮಾಲನ್ನು ಮಳೆಯಿಂದ ಕಾಪಾಡಲು ಅಂಥ ಒಂದು ಖೋಲಿ ಇರಬೇಕು. ಅರಿಷಿಣಕ್ಕೆ, ಮೆಣಸಿನಕಾಯಿಗೆ, ಸ್ವಸಹಾಯ ಸಂಘಗಳ ಹಪ್ಪಳ ಶಾವಿಗೆಗೆ ವರ್ಷದ ಉಳಿದ ದಿನಗಳಲ್ಲಿ ಅದೇ ಖೋಲಿ ಆದೀತು. ಹಸಿರು ಮಣೂಕದ ಬಣ್ಣ ಉಳಿಯಬೇಕಾದ್ದರಿಂದ 40 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಮೇಣವೇ ಲೇಸು.

ಇಲ್ಲಿ ಗ್ರಾಫೈಟ್ ಬೇಕೆ? ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಡಬ್ಬಿಯ ಗೋಡೆಯಿಂದ ಬಿಸಿಯನ್ನು ತೆಗೆದುಕೊಳ್ಳುವುದರಲ್ಲಿ ಗಾಳಿಯೇ ಬಹಳ ಸೋಮಾರಿ. ಒಂದು ಸೆಂಟಿಮೀಟರ್ ಮೇಣ ಒಡ್ಡುವ ತಡೆಯ ಎರಡರಷ್ಟು ತಡೆ ಗೋಡೆಗೆ ತಾಗಿದ ಗಾಳಿಯಲ್ಲೇ ಇರುತ್ತದೆ. ಮೇಣವನ್ನು ಎರಡು ಸೆಂಟಿಮೀಟರ್ ದಪ್ಪದ ಚಪ್ಪಟೆ ತಗಡಿನ ಡಬ್ಬಿಗಳಲ್ಲಿ ತುಂಬಿ, ಎರಡೂ ಬದಿಗೆ ಗಾಳಿ ಆಡುವಂತೆ ಸಾಲಾಗಿ ನಿಲ್ಲಿಸಿದರೆ ಸಾಕು. ಖರ್ಚು ಮಾಡುವುದಿದ್ದರೆ ಗಾಳಿಯ ಬದಿಗೆ ರೆಕ್ಕೆಗಳನ್ನು ಕೂಡಿಸಲು ಮಾಡಿ. ರೆಕ್ಕೆ ಗೋಡೆಗೆ ಬರೀ ತಾಗಿದ್ದರೆ ಆಗದು, ಬೆಸೆದಿರಬೇಕು. ಮೇಣ ಕರಗಿದಾಗ ಶೇಕಡಾ 10ಕ್ಕಿಂತಲೂ ಹೆಚ್ಚು ಹಿಗ್ಗುವುದುಂಟು, ಡಬ್ಬಿಯಲ್ಲಿ ಅಷ್ಟು ಖಾಲಿ ಜಾಗ ಬಿಡಬೇಕು. ಮೇಣ ಉರಿಯುವ ವಸ್ತು ಎಂಬುದನ್ನೂ ಮರೆಯಬಾರದು.

ಗ್ರಾಫೈಟಿನಂಥದ್ದು ಬೇಕಾಗುವುದು ನೀರು ಅಥವಾ ಹಾಲು ಬಿಸಿಯನ್ನು ಹೊತ್ತೊಯ್ಯುವಲ್ಲಿ. ದ್ರವ ಗಾಳಿಯಂತೆ ನಿಧಾನಿಸುವುದಿಲ್ಲ, ಅಲ್ಲಿ ತಡೆಯೆಲ್ಲ ಮೇಣದೊಳಗೇ ಉಳಿಯುತ್ತದೆ. ಹಾಲಿನ ಕೇಂದ್ರಗಳಲ್ಲಿ ಈ ಮಾತು ಹಳೆಯದು. ಕರೆದ ಒಂದು ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಸುಮಾರು 370 ಗ್ರಾಂ ಹಿಮ ಕರಗಬೇಕು. ಕರೆಂಟು ಇದ್ದಾಗ ಕೊಳವೆಗಳ ಮೇಲೆ ಹಿಮ ಕಟ್ಟಿಸಿಟ್ಟು, ಹಾಲು ಬಂದಾಗ ಅದರಿಂದ ತಂಪು ಮಾಡುವ ಪದ್ಧತಿ ಬಹಳ ಕಾಲದಿಂದ ಇದೆ. ಪುಣೆಯ ಪ್ರೊಮೀಥಿಯನ್ ಕಂಪನಿ ತಂಪನ್ನು ಹೀಗೆ ಕೂಡಿಟ್ಟು ಹಾಲನ್ನು ಬೇಗ ತಣಿಸುವ ಯಂತ್ರಗಳನ್ನು ಹಳ್ಳಿಗಳ ಹಾಲು ಕೇಂದ್ರಗಳಿಗಾಗಿಯೇ ಮಾಡಿದೆ. ಕೊಳವೆಯ ಮೇಲೆ ಹಿಮ ದಪ್ಪವಾದಂತೆ ಅದೂ ತಡೆಯಾಗಿ ಮುಂದಿನ ಹಿಮ ತಡವಾಗಿ ಕಟ್ಟುತ್ತದೆ. ಆದರೆ ಹಿಮ ಮೇಣಕ್ಕಿಂತ ಹತ್ತು ಪಟ್ಟು ಚೆನ್ನಾಗಿ ಬಿಸಿ ಹರಿಸುತ್ತದೆ, ಅದಕ್ಕೇ ಅದು ಇಷ್ಟು ಕಾಲ ಗೆದ್ದಿದೆ. ಮೇಣವನ್ನು ಹಿಮದ ಮಟ್ಟಕ್ಕೆ ತಂದರೆ ಬಿಸಿಯ ಕೆಲಸಗಳಿಗೂ ಅಂಥದೇ ಯಂತ್ರ ಸಿಕ್ಕಂತೆ.

ಚಿಕ್ಕೋಡಿ ಮತ್ತು ನಿಪ್ಪಾಣಿಯ ಇಂಜಿನಿಯರಿಂಗ್ ಕಾಲೇಜುಗಳ ಗೆಳೆಯರಲ್ಲಿ ನನ್ನದೊಂದು ಬೇಡಿಕೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ದೂರದ ವಿಷಯ ಹುಡುಕಬೇಡಿ. ಫೆಬ್ರುವರಿಯಲ್ಲಿ ತೆಲಸಂಗದ ಯಾವುದಾದರೂ ಶೆಡ್ಡಿಗೆ ಹೋಗಿ, ರಾತ್ರಿಯಿಡೀ ತಾಸಿಗೊಮ್ಮೆ ಉಷ್ಣಾಂಶ ಮತ್ತು ತೇವಾಂಶ ಬರೆದುಕೊಳ್ಳಿ. ಅದರ ಪಕ್ಕದಲ್ಲೇ ಮೇಣದ ಚಪ್ಪಟೆ ಡಬ್ಬಿಗಳ ಒಂದು ಸಣ್ಣ ಖೋಲಿ ಕಟ್ಟಿ, ಎರಡರ ಮಣೂಕವನ್ನೂ ತೂಗಿ, ಬಣ್ಣ ನೋಡಿ. ಒಂದು ಹಂಗಾಮಿನಲ್ಲಿ ಮುಗಿಯುವ ಕೆಲಸ ಇದು.

ರೈತ ಬಂಧುಗಳಿಗೂ ಒಂದು ಮಾತು. ಸೌರ ಒಣಗಿಸುವ ಯಂತ್ರ ಮಾರಲು ಬಂದವರು ಎಷ್ಟು ಕಿಲೋ ಮೇಣವಿದೆ ಎಂದು ಹೇಳಿಯೇ ಹೇಳುತ್ತಾರೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ಮೇಣ ಪೂರ್ತಿ ಕರಗಲು ಎಷ್ಟು ತಾಸು, ಪೂರ್ತಿ ಗಟ್ಟಿಯಾಗಲು ಎಷ್ಟು ತಾಸು, ಡಬ್ಬಿಯೊಳಗೆ ಮೇಣದ ದಪ್ಪ ಎಷ್ಟು. ಈ ಮೂರಕ್ಕೂ ಅಳತೆಯ ಉತ್ತರ ಬರುವ ತನಕ ಮುಂಗಡ ಕೊಡಬೇಡಿ.